ಕೇಳಿದ್ದನ್ನಷ್ಟೇ ಬರೆಯಿರಿ

ಜೂನ್ 9

ನರ್ಸಮ್ಮನವರಿಗೆ,

ನೀನು ಹೊರಟು ಇವತ್ತಿಗೆ ಇಪ್ಪತ್ತಾರು ದಿನ. ನಿನ್ನ ಮೊದಲ ಕಾಗದ ನಿನ್ನೆ ಮಧ್ಯಾಹ್ನ ಕೈಸೇರಿತು. ಸುರಂಗ ಕೊರೆಯುವ ಜಾಗದಲ್ಲಿ ಫೋನ್ ಹಿಡಿಯುವುದಿಲ್ಲ ಎಂದು ಮೊದಲೇ ಗೊತ್ತಿತ್ತು. ಟಪಾಲು ತರುವ ಲಾರಿಯೂ ಹದಿನೈದು ದಿನಕ್ಕೊಮ್ಮೆ ಮಾತ್ರ ಕೆಳಗಿಳಿಯುತ್ತದೆ ಎಂಬುದು ಈಗ ಗೊತ್ತಾಯಿತು. ಇರಲಿ, ಒಂದು ವರ್ಷ ತಾನೇ. ಈ ವರ್ಷ ಮುಗಿಸಿದರೆ ಇಲ್ಲಿಯ ಆಸ್ಪತ್ರೆಯಲ್ಲಿ ನಿನ್ನ ಕೆಲಸ ಕಾಯಂ ಆಗುತ್ತದೆ ಎಂದು ದಿನಕ್ಕೆರಡು ಸಲ ನನಗೆ ನಾನೇ ಹೇಳಿಕೊಳ್ಳುತ್ತೇನೆ, ಊಟಕ್ಕೆ ಮುಂಚೆ ಒಂದು, ಊಟವಾದ ಮೇಲೆ ಒಂದು.

ಮನೆಯ ಮುಂದಿನ ಕೋಣೆಯಲ್ಲಿ ರಿಪೇರಿಗೆ ಬಂದ ಹೊಲಿಗೆ ಮಿಷನ್ನುಗಳು ಒಂಬತ್ತು ನಿಂತಿವೆ. ಕಾಲಿಡಲು ಜಾಗವಿಲ್ಲ. ಬುಗುರಿಗೆ ಮಾತ್ರ ಜಾಗ ಸಿಗುತ್ತದೆ. ನೀನು ಮಗಳನ್ನು ಕರೆದ ಹೆಸರಿಗೆ ಮೋಸವಿಲ್ಲ, ಒಂದು ಕಡೆ ನಿಂತರೆ ಕೇಳು. ಪೆಡಲಿನ ಮೇಲೆ ಕೂತು ತೂಗಿಕೊಳ್ಳುತ್ತಾಳೆ, ಚಕ್ರ ತಿರುಗಿಸಿದರೆ ಕಣ್ಣು ಮಿಟುಕಿಸದೆ ನೋಡುತ್ತಾಳೆ. ಸೂಜಿ ಕತ್ತರಿಗಳನ್ನೆಲ್ಲ ಮೇಲಿನ ಹಲಗೆಗೆ ಏರಿಸಿದ್ದೇನೆ, ಹೆದರಬೇಡ. ನಾನು ಗಿರಾಕಿಗಳ ಮನೆಗೆ ಹೋಗಬೇಕಾದಾಗ ಪಕ್ಕದ ಮನೆಯ ಟೈಲರಮ್ಮ ನೋಡಿಕೊಳ್ಳುತ್ತಾರೆ.

ಇನ್ನೊಂದು ವಿಷಯ. ನಿನ್ನೆ ನಾನು ಕಾಗದ ಓದುತ್ತಿದ್ದಾಗ ಹತ್ತಿರ ಬಂದು, ಅದನ್ನು ಕಿತ್ತುಕೊಂಡು, "ಅಮ್ಮ" ಎಂದಳು. ಹೌದು, ಅಮ್ಮ ಎಂದೇ. ಮೊದಲ ಮಾತು. ತಿಳಿಸಬೇಕೆಂದೇ ಇವತ್ತು ಬರೆಯಲು ಕೂತೆ.

ಹೊತ್ತು ಹೊತ್ತಿಗೆ ಊಟ ಮಾಡು.

ನಿನ್ನವ


ಜೂನ್ 28

ಮಿಷನ್ ಡಾಕ್ಟರರಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಕೇಳಬೇಡಿ.

ಲಾರಿ ಬಂದಾಗ ಒಬ್ಬ ಕೊರೆಯುವವನ ಜಜ್ಜಿದ ಬೆರಳಿಗೆ ಪಟ್ಟಿ ಕಟ್ಟುತ್ತಿದ್ದೆ. ಕಟ್ಟಿ ಮುಗಿಸಿ, ಅವನ ಎದುರೇ ಲಕೋಟೆ ಒಡೆದೆ. ಕಾಗದದ ಕೊನೆಗೆ ಬಂದಾಗ ನನ್ನ ಮುಖ ಹೇಗಾಯಿತೋ ಏನೋ, ಅವನು ಹೆದರಿ ಏನಾಯಿತು ಎಂದು ಕೈಯಲ್ಲೇ ಕೇಳಿದ. ಇಲ್ಲಿ ಹಾಗೆ. ಸುರಂಗದೊಳಗೆ ಯಂತ್ರದ ಗದ್ದಲದಲ್ಲಿ ಮಾತು ಕೇಳಿಸುವುದಿಲ್ಲ, ಕೈಸನ್ನೆಯಲ್ಲೇ ಎಲ್ಲ. ಹೊರಗೆ ಬಂದ ಮೇಲೂ ಅದೇ ರೂಢಿ. ಮಗಳು ಮಾತಾಡಿದಳಂತೆ ಎಂದೆ. ಸಂಜೆಯೊಳಗೆ ಇಡೀ ಶಿಬಿರಕ್ಕೆ ಗೊತ್ತಾಗಿತ್ತು. ಅಡುಗೆಯವನು ಎಲ್ಲರಿಗೂ ಒಂದೊಂದು ಚಮಚ ಸಿಹಿ ಹಂಚಿದ.

ನನ್ನ ಚಿಕಿತ್ಸಾಲಯ ಎಂದರೆ ತಗಡಿನ ಮಾಡು, ಎರಡು ಮಂಚ, ಒಂದು ಬೀರು. ದಿನಕ್ಕೆ ಮೂವತ್ತು ನಲವತ್ತು ಜನ, ಹೆಚ್ಚಾಗಿ ಧೂಳಿನ ಕೆಮ್ಮು, ಮಂದ ಕಿವಿ. ವೈದ್ಯಾಧಿಕಾರಿಗಳು ವಾರಕ್ಕೆ ಎರಡು ದಿನ ಬರುತ್ತಾರೆ, ಉಳಿದ ದಿನ ನಾನೇ.

ಈಗ ನರ್ಸ್ ಆಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆಮೇಲೆ ಮತ್ತೆ ಹೇಳಿದಳೇ? ನನ್ನ ಫೋಟೊ ತೋರಿಸಿದರೆ ಹೇಳುತ್ತಾಳೆಯೇ? ಏನಾದರೂ ಬೇಕಾದರೆ ಬೆರಳು ಚಾಚಿ ತೋರಿಸುತ್ತಾಳೆಯೇ, ಅಥವಾ ನಿಮ್ಮ ಕೈ ಹಿಡಿದು ಎಳೆದೊಯ್ಯುತ್ತಾಳೆಯೇ?

ಎಲ್ಲಕ್ಕೂ ಉತ್ತರ ಬರೆಯಲೇಬೇಕೆಂದಿಲ್ಲ. ಹೇಳಿದಳಲ್ಲ, ಅಷ್ಟು ಸಾಕು.

ನಿಮ್ಮವಳು


ಜುಲೈ 15

ನರ್ಸಮ್ಮನವರಿಗೆ,

ನಿನ್ನ ಪ್ರಶ್ನೆಪತ್ರಿಕೆ ಬಂತು. ಪರೀಕ್ಷೆ ಎಂದರೆ ನನಗೆ ಮೊದಲಿಂದಲೂ ಜ್ವರ ಎಂದು ಗೊತ್ತಿದ್ದೂ ಕಳಿಸಿದ್ದೀಯ.

ಚೆನ್ನಾಗಿದ್ದಾಳೆ. ಈಗ "ನೀರು" ಅನ್ನುತ್ತಾಳೆ, "ದಾರ" ಅನ್ನುತ್ತಾಳೆ. ಮಿಷನ್ನಿಗೆ "ಟಕಟಕ" ಎಂದು ಅವಳೇ ಹೆಸರಿಟ್ಟಿದ್ದಾಳೆ. ಲೆಕ್ಕ ಹಾಕಿದರೆ ನಾಲ್ಕು ಮಾತಾಯಿತು. ನನ್ನ ಮಗಳಲ್ಲವೇ, ಒಮ್ಮೆ ಶುರುವಾದರೆ ನಿಲ್ಲಿಸುವುದು ಕಷ್ಟ.

ಕೋಟು ಹೊಲಿಯುವ ಮುದುಕರು ಮೊನ್ನೆ ಮಿಷನ್ ಒಯ್ಯಲು ಬಂದಿದ್ದರು. ಅರ್ಧ ಗಂಟೆ ಕೂತರು. ಹೊರಡುವಾಗ, "ಮಾತು ಬೆಳ್ಳಿ, ಮೌನ ಬಂಗಾರ. ನಿಮ್ಮ ಮಗಳು ಈಗಲೇ ಬಂಗಾರ ಕೂಡಿಡ್ತಾ ಇದ್ದಾಳೆ ಬಿಡಿ" ಎಂದು ನಕ್ಕರು. ಅವರಿಗೆ ಕಿವಿ ಸ್ವಲ್ಪ ಮಂದ. ಅವಳು ಆಡಿದ್ದು ಕೇಳಿಸಿರಲಿಕ್ಕಿಲ್ಲ.

ಬೆರಳು ಚಾಚುವ ವಿಷಯ ಮುಂದಿನ ಸಲ ಬರೆಯುತ್ತೇನೆ. ಗಿರಾಕಿಗಳು ಕಾಯುತ್ತಿದ್ದಾರೆ.

ನಿನ್ನವ


ಆಗಸ್ಟ್ 3

ಬುಗುರಿಯ ಅಪ್ಪನಿಗೆ,

ನಾಲ್ಕು ಮಾತನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿದ್ದೇನೆ. ಔಷಧಕ್ಕೆ ಬಂದವರು ಹೊಸದೇನು ಎಂದು ಅಲ್ಲಿ ನೋಡಿ ಹೋಗುತ್ತಾರೆ.

ಒಂದು ಆಸೆ. ಈ ಲಕೋಟೆಯೊಳಗೆ ಮೆಮೊರಿ ಕಾರ್ಡು ಇಟ್ಟಿದ್ದೇನೆ, ನನ್ನ ಹಳೆಯ ಫೋನಿನದು. ಅವಳು ಮಾತಾಡುವಾಗ ನಿಮ್ಮ ಫೋನಿನಲ್ಲಿ ಧ್ವನಿ ಹಿಡಿದು ಇದಕ್ಕೆ ಹಾಕಿ ಕಳಿಸಿ. ನಾಲ್ಕೂ ಬೇಡ. ಯಾವುದಾದರೂ ಒಂದು ಸಾಕು. ಇಲ್ಲಿ ಫೋನ್ ಮಾತಾಡಲು ಬಾರದಿದ್ದರೂ ಕೇಳಲು ಬರುತ್ತದೆ.

ನಿಮ್ಮವಳು


ಆಗಸ್ಟ್ 20

ನರ್ಸಮ್ಮನವರಿಗೆ,

ಕಾರ್ಡು ಬಂತು. ನನ್ನ ಫೋನು ಎಣ್ಣೆ ಡಬ್ಬಿಯೊಳಗೆ ಬಿದ್ದು ಸದ್ಯಕ್ಕೆ ಧ್ವನಿ ಹಿಡಿಯುತ್ತಿಲ್ಲ. ಸರಿಮಾಡಿಸಿ ಕಳಿಸುತ್ತೇನೆ. ಇಬ್ಬರೂ ಕ್ಷೇಮ.

ನಿನ್ನವ


ಸೆಪ್ಟೆಂಬರ್ 7

ಬುಗುರಿಯ ಅಮ್ಮನಿಗೆ,

ಮೊದಲೇ ಹೇಳುತ್ತೇನೆ, ಮಗು ಕ್ಷೇಮವಾಗಿದೆ. ಈಗ ನನ್ನ ಎದುರಿಗೇ ಕೂತು ಬಾಬಿನ್ನುಗಳನ್ನು ಡಬ್ಬಿಗೆ ಹಾಕಿ ತೆಗೆಯುತ್ತಿದ್ದಾಳೆ. ಇನ್ನು ನಿಧಾನವಾಗಿ ಓದು.

ಮಂಗಳವಾರ ಬೆಳಿಗ್ಗೆ ದೊಡ್ಡ ಮಿಷನ್ನೊಂದು ಬಂತು. ಒಳಗೆ ತರಲು ಎರಡು ಬಾಗಿಲನ್ನೂ ತೆಗೆದೆ. ನಾನೂ ತಂದವನೂ ಸೇರಿ ಎತ್ತಿ ಇಟ್ಟು, ಬೆವರು ಒರೆಸಿಕೊಂಡು ತಿರುಗಿದರೆ ಅವಳಿಲ್ಲ. ಹಿಂದಿನ ಕೋಣೆಯಲ್ಲಿಲ್ಲ, ಬಚ್ಚಲಿನಲ್ಲಿಲ್ಲ, ಟೈಲರಮ್ಮನ ಮನೆಯಲ್ಲಿಲ್ಲ. ಬೀದಿಗಿಳಿದು ಹೆಸರು ಹಿಡಿದು ಕೂಗುತ್ತಾ ಓಡಿದೆ. ಔಷಧಿ ಅಂಗಡಿ, ಹಣ್ಣಿನ ಗಾಡಿ, ಶಾಲೆಯ ಗೇಟು. ಕೂಗುತ್ತಲೇ ಒಂದು ಹೊಳೆಯಿತು. ನಾನು ಎಷ್ಟು ಕೂಗಿದರೇನು, ಅವಳು ಕೇಳಿಸಿಕೊಂಡರೂ "ಅಪ್ಪಾ, ಇಲ್ಲಿದ್ದೀನಿ" ಅನ್ನುವವಳಲ್ಲ.

ಐವತ್ತು ನಿಮಿಷ. ಬಸ್ ನಿಲ್ದಾಣದ ಪಕ್ಕದ ಪೊಲೀಸ್ ಚೌಕಿಯಲ್ಲಿ ಸಿಕ್ಕಳು. ರಸ್ತೆ ದಾಟುತ್ತಿದ್ದಳಂತೆ, ಯಾರೋ ಎತ್ತಿ ತಂದುಕೊಟ್ಟಿದ್ದರು. ಅಲ್ಲಿದ್ದ ಮಹಿಳಾ ಪೊಲೀಸ್ ಅವಳನ್ನು ಮೇಜಿನ ಮೇಲೆ ಕೂರಿಸಿಕೊಂಡಿದ್ದರು. ಅವಳು ತಲೆ ಮೇಲೆತ್ತಿ ಫ್ಯಾನು ನೋಡುತ್ತಿದ್ದಳು. ನನ್ನನ್ನು ಕಂಡು ಅಳಲಿಲ್ಲ, ಕೈ ಮಾತ್ರ ಚಾಚಿದಳು. ಆ ತಾಯಿ ಕೇಳಿದರು, "ಹೆಸರು ಕೇಳಿದೆ, ಅಪ್ಪ ಎಲ್ಲಿ ಅಂತ ಕೇಳಿದೆ, ಏನು ಕೇಳಿದ್ರೂ ಬಾಯೇ ಬಿಡ್ಲಿಲ್ಲ. ಮಗೂಗೆ ಮಾತು ಬರಲ್ವಾ?"

"ಬರಲ್ಲ" ಎಂದೆ.

ಈ ಮಾತನ್ನು ಬಾಯಿ ಬಿಟ್ಟು ಹೇಳಿದ್ದು ಅದೇ ಮೊದಲು.

ಅಮ್ಮ ಅಂದಿಲ್ಲ. ನೀರು ಅಂದಿಲ್ಲ, ದಾರ ಅಂದಿಲ್ಲ, ಟಕಟಕವೂ ಇಲ್ಲ. ಫೋನು ಎಣ್ಣೆಗೆ ಬಿದ್ದದ್ದೂ ಸುಳ್ಳು. ಬೇಕಾದ್ದು ಏನಿದ್ದರೂ ನನ್ನ ಮಣಿಕಟ್ಟು ಹಿಡಿದು ಎಳೆಯುತ್ತಾಳೆ, ನಾನು ಎಂಟು ವಸ್ತು ತೋರಿಸಿ ಒಂಬತ್ತನೆಯದು ಕೊಡುತ್ತೇನೆ. ಕೊಡುವುದು ತಡವಾದರೆ ನೆಲಕ್ಕೆ ಬಿದ್ದು ತಲೆ ಚಚ್ಚಿಕೊಳ್ಳುತ್ತಾಳೆ.

ನೀನು ಕೆಲಸ ಬಿಟ್ಟು ಓಡಿ ಬರುತ್ತೀಯ ಎಂದು ಹೆದರಿ ಬರೆದೆ ಎಂದರೆ ಅದು ಅರ್ಧ ನಿಜ. ಉಳಿದರ್ಧ ನಾಚಿಕೆ. ಬೀದಿಯಲ್ಲಿ ನನ್ನಷ್ಟು ಮಾತಾಡುವವನು ಇನ್ನೊಬ್ಬನಿಲ್ಲ. ನನ್ನ ಕೈಯಲ್ಲಿ ಬೆಳೆಯುವ ಮಗುವಿನ ಬಾಯಲ್ಲಿ ಒಂದು ಮಾತಿಲ್ಲ ಎಂದು ಬರೆಯಲು ಪೆನ್ನು ಏಳಲಿಲ್ಲ. ಒಂದು ಸುಳ್ಳು ಬರೆದೆ. ನೀನು ಸಂತೋಷಪಟ್ಟೆ. ಆ ಸಂತೋಷ ಕಾಪಾಡಲು ಇನ್ನು ಮೂರು ಬರೆದೆ.

ಬೈಯುವುದೆಲ್ಲ ಬೈ. ನಾಳೆ ಅವಳನ್ನು ಮಕ್ಕಳ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ.

ಬುಗುರಿಯ ಅಪ್ಪ


ಸೆಪ್ಟೆಂಬರ್ 24

ಬುಗುರಿಯ ಅಮ್ಮನಿಗೆ,

ಈ ಸಲದ ಲಾರಿಯಲ್ಲಿ ನಿನ್ನ ಕಾಗದ ಬರಲಿಲ್ಲ. ಕೇಳುವ ಹಕ್ಕು ನನಗಿಲ್ಲ. ಆದರೂ ನಡೆದದ್ದನ್ನು ನಿನಗೆ ತಿಳಿಸಬೇಕು.

ಮೊದಲು ಕಿವಿಯ ಪರೀಕ್ಷೆ. ಗೋಡೆಗೆಲ್ಲ ಮೆತ್ತೆ ಹೊದಿಸಿದ ಸಣ್ಣ ಕೋಣೆ, ಬಾಗಿಲು ಮುಚ್ಚಿದರೆ ನನ್ನ ಉಸಿರು ನನಗೇ ಕೇಳಿಸುತ್ತಿತ್ತು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಅಲುಗದೆ ಇರಬೇಕು. ಒಮ್ಮೆ ಎಡದಿಂದ, ಒಮ್ಮೆ ಬಲದಿಂದ ಸಣ್ಣ ಸದ್ದು. ಅವಳು ಸದ್ದಿನ ಕಡೆ ತಿರುಗಿದರೆ ಅಲ್ಲಿ ಒಂದು ಬೊಂಬೆಯ ಕರಡಿಗೆ ದೀಪ ಹತ್ತುತ್ತದೆ. ಇಪ್ಪತ್ತು ನಿಮಿಷದಲ್ಲಿ ಒಂದು ಕರಡಿಯನ್ನೂ ತಪ್ಪಿಸಿಕೊಳ್ಳಲಿಲ್ಲ. ಕಿವಿ ಎರಡೂ ಚೆನ್ನಾಗಿವೆ.

ಆಮೇಲೆ ಮಾತಿನ ಟೀಚರ್. ಇಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ, ಮಾತು ತಡವಾದ ಮಕ್ಕಳಿಗೆ ಕಲಿಸುವವರು. ನಿನ್ನದೇ ವಯಸ್ಸು. ಬಂದವರೇ ನನ್ನ ಜೊತೆ ಮಾತಾಡದೆ ನೆಲದ ಮೇಲೆ ಇವಳ ಎದುರು ಕೂತರು. ಇವಳು ಒಂದು ಡಬ್ಬಿ ಉರುಳಿಸಿದರೆ ಅವರೂ ಒಂದು ಉರುಳಿಸುವುದು, ಇವಳು ನಿಂತರೆ ಅವರೂ ನಿಲ್ಲುವುದು. ಅರ್ಧ ಗಂಟೆ ಇದೇ. ಇಷ್ಟಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಮಾತು ಬರುತ್ತದೆಯೇ ಎಂದು ಕೊನೆಗೆ ಕೇಳಿದೆ.

"ಬರುತ್ತೆ ಅಂತಾನೂ ಬರಲ್ಲ ಅಂತಾನೂ ನಾನು ಇವತ್ತು ಹೇಳಲ್ಲ" ಎಂದರು. "ಮಾತಿಗಿಂತ ಮುಂಚೆ ಬರಬೇಕಾದ್ದು ಕೆಲವು ಇವೆ. ನೋಡೋದು, ಕೊಡೋದು, ತಗೊಳ್ಳೋದು, ಕಾಯೋದು. ಅಲ್ಲಿಂದ ಶುರು ಮಾಡೋಣ."

ಆಮೇಲೆ ನನ್ನ ಸರದಿ. ಮಗುವಿನ ಜೊತೆ ಹತ್ತು ನಿಮಿಷ ಆಡಿ ತೋರಿಸಿ ಎಂದರು. ಆಡಿದೆ. ನಾನು ಪ್ರಶ್ನೆ ಕೇಳಿ ಉತ್ತರವನ್ನೂ ನಾನೇ ಕೊಡುತ್ತೇನಂತೆ, ಅವಳಿಗೆ ಬೇಕಾದ್ದನ್ನು ಬೇಕು ಎನ್ನುವ ಮುಂಚೆಯೇ ಕೈಗೆ ಕೊಡುತ್ತೇನಂತೆ. ಒಂದು ಮಾತು ಆಡಿದ ಮೇಲೆ ಬಾಯಿ ಮುಚ್ಚಿ ಮನಸ್ಸಿನಲ್ಲಿ ಹತ್ತರವರೆಗೆ ಎಣಿಸಬೇಕಂತೆ. ಇಷ್ಟು ವರ್ಷದಲ್ಲಿ ನಿನ್ನಿಂದಲೂ ಆಗದ ಕೆಲಸ ಅದು.

ವಾರಕ್ಕೆ ಎರಡು ದಿನ ಹೋಗಬೇಕು. ಮನೆಯಲ್ಲಿ ದಿನವೂ ಮಿಷನ್ನು ನಿಲ್ಲಿಸಿ ಒಂದು ಗಂಟೆ.

ಬರೆಯದಿದ್ದರೂ ನಾನು ಬರೆಯುತ್ತಿರುತ್ತೇನೆ.

ಬುಗುರಿಯ ಅಪ್ಪ


ಅಕ್ಟೋಬರ್ 6

ಬುಗುರಿಯ ಅಪ್ಪನಿಗೆ,

ಕಳೆದ ಲಾರಿಗೆ ಬರೆದಿದ್ದೆ. ಕೊಡಲಿಲ್ಲ. ಅದರಲ್ಲಿ ಇದ್ದದ್ದೆಲ್ಲ ಕೋಪವೇ. ಐವತ್ತು ನಿಮಿಷ ಎಂದು ಬರೆದಿದ್ದೀರಲ್ಲ, ಆ ಐವತ್ತನ್ನೂ ನಾನು ಇಲ್ಲಿ ಒಂದೊಂದಾಗಿ ಕಳೆದೆ. ಕ್ಯಾಲೆಂಡರಿನ ಹಾಳೆ ಹರಿದೆ. ಅಡುಗೆಯವನು ಏನಾಯಿತು ಎಂದ, ತಿಂಗಳು ಮುಗಿಯಿತಲ್ಲ ಎಂದೆ.

ಕೋಪ ಇಳಿಯುವವರೆಗೆ ಕಾಯೋಣ ಎಂದುಕೊಂಡಿದ್ದೆ. ಇಳಿಯಿತು. ಅದರ ಕೆಳಗೆ ಏನಿತ್ತು ಎಂದು ಈಗ ಕಾಣುತ್ತಿದೆ. ಅದನ್ನು ಬರೆಯದೆ ನಿಮ್ಮನ್ನು ಬೈಯುವುದು ನ್ಯಾಯವಲ್ಲ.

ಇಲ್ಲಿಗೆ ಹೊರಡುವ ವಾರ, ನೀವು ಹೊರಗೆ ಹೋಗಿದ್ದಾಗ, ಅವಳ ಬೆನ್ನ ಹಿಂದೆ ನಿಂತು ಲೋಟಕ್ಕೆ ಚಮಚ ಬಡಿದೆ. ತಿರುಗಿದಳು. ಇನ್ನೊಂದು ಕಡೆಯಿಂದ ಮೆಲ್ಲಗೆ ಬಡಿದೆ, ತಿರುಗಿದಳು. ಕಿವಿ ಸರಿಯಿದೆ ಎಂದು ನನಗೆ ಆಗಲೇ ಗೊತ್ತಿತ್ತು. ಹದಿನೇಳು ತಿಂಗಳಾದರೂ ಬೆರಳು ಚಾಚುವುದಿಲ್ಲ, ಟಾಟಾ ಮಾಡುವುದಿಲ್ಲ, ತೊದಲೂ ಇಲ್ಲ ಎಂಬುದೂ ಗೊತ್ತಿತ್ತು. ಲಸಿಕೆಯ ಕಾರ್ಡಿನ ಹಿಂದೆ ಪೆನ್ಸಿಲಿನಲ್ಲಿ "ಮಾತು?" ಎಂದು ಬರೆದೆ. ಆಮೇಲೆ ಅಳಿಸಿದೆ. ಹೇಳಿದರೆ ನೀವು ಹೋಗಬೇಡ ಅನ್ನುತ್ತಿದ್ದಿರಿ, ಅಥವಾ ನಾನೇ ನಿಲ್ಲುತ್ತಿದ್ದೆ. ಕೆಲಸ ಕೈತಪ್ಪುತ್ತಿತ್ತು. ನಿಮ್ಮ ಕಣ್ಣಿಗೆ ತಾನಾಗಿ ಬಿದ್ದೀತು, ನೀವೇ ಕರೆದೊಯ್ದೀರಿ ಎಂದು ಬಸ್ಸು ಹತ್ತಿದೆ.

ಇನ್ನೊಂದು. ನಾನು ಆರು ವರ್ಷ ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡಿದವಳು. ಬೆರಳನ್ನೇ ಚಾಚದ ಮಗು ಎರಡು ತಿಂಗಳಲ್ಲಿ ನಾಲ್ಕು ಮಾತು ಕಲಿಯಿತು ಎಂದರೆ ಬೇರೆ ತಾಯಂದಿರಿಗೆ ಏನು ಹೇಳುತ್ತಿದ್ದೆ ಎಂದು ನನಗೆ ಗೊತ್ತು. ಕೋಟಿನ ಮುದುಕರ ಮಾತು ಓದಿದಾಗಲೇ ಅನುಮಾನ ಬಂದಿತ್ತು. ಆದರೂ ಕ್ಯಾಲೆಂಡರಿನಲ್ಲಿ ಬರೆದೆ. ನಿಮ್ಮ ಸುಳ್ಳು ನನಗೆ ಬೇಕಾಗಿತ್ತು.

ಹಾಗಾಗಿ ಬೈಯುವುದಿಲ್ಲ. ಒಂದೇ ಒಂದು ಕೇಳುತ್ತೇನೆ. ಇನ್ನು ಮುಂದೆ ಕೇಳಿದ್ದನ್ನಷ್ಟೇ ಬರೆಯಿರಿ. ಏನೂ ಕೇಳದಿದ್ದರೆ ಕೇಳಲಿಲ್ಲ ಎಂದು ಬರೆಯಿರಿ. ನಾನೂ ಅಷ್ಟೇ, ಕಂಡದ್ದನ್ನು ಅಳಿಸುವುದಿಲ್ಲ.

ಟೀಚರ್ ಏನೇನು ಮಾಡಿಸುತ್ತಾರೆ ಎಂಬುದನ್ನು ಒಂದೂ ಬಿಡದೆ ತಿಳಿಸಿ.

ಬುಗುರಿಯ ಅಮ್ಮ


ನವೆಂಬರ್ 12

ಬುಗುರಿಯ ಅಮ್ಮನಿಗೆ,

ನಿನ್ನ ಕಾಗದವನ್ನು ಓದಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಟೈಲರಮ್ಮ ನನಗೆ ಜ್ವರ ಎಂದೇ ತಿಳಿದು ಗಂಜಿ ತಂದುಕೊಟ್ಟರು. ನಿನ್ನ ಮೇಲೆ ನನಗೆ ಕೋಪವಿಲ್ಲ. ಇದ್ದರೂ ತೋರಿಸಲು ಮುಖವಿಲ್ಲ.

ಮಾತು: ಕೇಳಲಿಲ್ಲ. ಒಂದೂ ಇಲ್ಲ. ಈಗ ಉಳಿದದ್ದು.

ಟೀಚರ್ ಸಾಬೂನು ಗುಳ್ಳೆ ಊದುತ್ತಾರೆ. ನಾಲ್ಕು ಗುಳ್ಳೆ ಊದಿ, ಬಾಟಲಿಯ ಮುಚ್ಚಳ ಬಿಗಿದು, ಸುಮ್ಮನೆ ಅವಳ ಮುಖ ನೋಡುತ್ತಾರೆ. ಇವಳು ಬಾಟಲಿ ಕಿತ್ತುಕೊಳ್ಳಲು ನೋಡುತ್ತಾಳೆ, ಆಗದೆ ಅಳುತ್ತಾಳೆ. ಆಗ ಅವರು ಎರಡು ಕೈಯ ಬೆರಳ ತುದಿಗಳನ್ನು ಒಂದಕ್ಕೊಂದು ತಟ್ಟಿ "ಇನ್ನೂ" ಎಂದು ಒಂದೇ ಮಾತು ಹೇಳಿ ಮತ್ತೆ ಊದುತ್ತಾರೆ. ಕೈಸನ್ನೆ ಕಲಿಸಿದರೆ ಬಾಯಿ ಸೋಮಾರಿಯಾಗುವುದಿಲ್ಲವೇ ಎಂದು ಕೇಳಿದೆ. ಹಾಗೇನಿಲ್ಲ, ತನಗೆ ಬೇಕಾದ್ದು ಇನ್ನೊಬ್ಬರಿಗೆ ತಿಳಿಯುತ್ತದೆ ಎಂದು ಮಗುವಿಗೆ ಗೊತ್ತಾದರೆ ಬಾಯಿಗೂ ಧೈರ್ಯ ಬರುತ್ತದೆ ಎಂದರು.

ಮನೆಯಲ್ಲಿ ಗುಳ್ಳೆಗೆ ಬದಲು ಮಿಷನ್ನಿನ ಚಕ್ರ. ತಿರುಗಿಸುತ್ತೇನೆ, ಅಂಗೈ ಇಟ್ಟು ನಿಲ್ಲಿಸುತ್ತೇನೆ, ಎಣಿಸುತ್ತೇನೆ. ಹತ್ತಕ್ಕಿಂತ ಮುಂಚೆ ಒಂಬತ್ತು ಬರುತ್ತದೆ ಎಂದು ನನಗೆ ಗೊತ್ತಿತ್ತು, ಒಂಬತ್ತು ಇಷ್ಟು ಉದ್ದ ಎಂದು ಗೊತ್ತಿರಲಿಲ್ಲ. ಮೊದಮೊದಲು ಆರರಲ್ಲೇ ನನ್ನ ಬಾಯಿ ತೆರೆದುಕೊಳ್ಳುತ್ತಿತ್ತು. ಇಪ್ಪತ್ತು ದಿನ ಹೀಗೇ. ಅವಳು ನನ್ನ ಕೈ ಎಳೆಯುವುದು, ಚೀರುವುದು, ನೆಲಕ್ಕೆ ಬೀಳುವುದು. ಗಿರಾಕಿಗಳು ಹೊರಗಿನಿಂದ ಇಣುಕಿ, ಮಗುವನ್ನು ಯಾಕೆ ಗೋಳು ಹೊಯ್ಕೊಳ್ತೀರಿ ಎಂದು ಕೇಳಿ ಹೋಗುತ್ತಿದ್ದರು.

ಮೊನ್ನೆ ಶುಕ್ರವಾರ ಚಕ್ರ ನಿಲ್ಲಿಸಿದೆ. ಚೀರಲಿಲ್ಲ. ನನ್ನ ಕೈ ನೋಡಿದಳು, ಮುಖ ನೋಡಿದಳು. ಏಳು, ಎಂಟು. ಎರಡು ಕೈಯನ್ನೂ ಎದೆಯ ಮುಂದೆ ತಂದು ಮುಷ್ಟಿಗೆ ಮುಷ್ಟಿ ತಾಗಿಸಿದಳು. ಬೆರಳ ತುದಿಯಲ್ಲ, ಮುಷ್ಟಿ. ನಾನು ಸುಮ್ಮನಿದ್ದೆ, ಸುಳ್ಳಿರಬಹುದು ಎಂದು. ಮತ್ತೆ ತಾಗಿಸಿದಳು.

ತಿರುಗಿಸಿದೆ ನೋಡು. ಬೆಲ್ಟು ಕಿತ್ತು ಬರುವವರೆಗೆ ತಿರುಗಿಸಿದೆ.

ನಿನ್ನವ


ಡಿಸೆಂಬರ್ 2

ಮಿಷನ್ ಡಾಕ್ಟರರಿಗೆ,

ಆ ಸನ್ನೆಯನ್ನು ಇಲ್ಲಿ ಕೊರೆಯುವವರಿಗೆ ತೋರಿಸಿದೆ. ಅವರಲ್ಲಿ "ಇನ್ನೂ" ಎನ್ನಲು ಬೇರೆ ಗುರುತಿದೆ, ಆದರೂ ಈಗ ಊಟದ ಸಾಲಿನಲ್ಲಿ ಎಲ್ಲರೂ ಮುಷ್ಟಿಗೆ ಮುಷ್ಟಿ ತಾಗಿಸುತ್ತಾರೆ. ಅಡುಗೆಯವನಿಗೆ ಸಾಕಾಗಿಹೋಗಿದೆ.

ಇನ್ನೊಂದು ಸಂಗತಿ. ವೈದ್ಯಾಧಿಕಾರಿಗಳು ಇನ್ನೂ ಒಂದು ವರ್ಷ ಇರುತ್ತೀಯಾ ಎಂದು ಕೇಳಿದ್ದಾರೆ. ಹಿರಿಯ ನರ್ಸ್ ಮಾಡುತ್ತಾರಂತೆ. ಮಾರ್ಚ್ ಮುಗಿಯುವುದರೊಳಗೆ ಉತ್ತರ ಕೊಡಬೇಕು. ಇಲ್ಲ ಎಂದು ತಕ್ಷಣ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಎಂದು ಯೋಚಿಸಿದೆ. ಅಳಿಸುವುದಿಲ್ಲ ಎಂದಿದ್ದೇನಲ್ಲ, ಬರೆಯುತ್ತೇನೆ. ಇಲ್ಲಿ ನನಗೆ ಕೆಲಸ ಬರುತ್ತದೆ. ಅಲ್ಲಿ ನನಗಿಂತ ಚೆನ್ನಾಗಿ ನೀವು ಅವಳ ಮುಖ ಓದುತ್ತೀರಿ. ಬಿಟ್ಟು ಬಂದವಳು ನಾನು. ಬಂದರೆ ಅವಳಿಗೆ ನಾನು ಯಾರು?

ಫೆಬ್ರುವರಿ ಕೊನೆಗೆ ಹತ್ತು ದಿನ ರಜೆ ಸಿಕ್ಕಿದೆ.

ನಿಮ್ಮವಳು


ಜನವರಿ 18

ನರ್ಸಮ್ಮನವರಿಗೆ,

ಕೇಳಿದೆ. ಸಾಕ್ಷಿ ಸಮೇತ.

ಭಾನುವಾರ ಮಧ್ಯಾಹ್ನ ಒಂದು ಕೈಯಲ್ಲಿ ಬಾಳೆಹಣ್ಣು, ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದು ಅವಳೆದುರು ಕೂತಿದ್ದೆ. ಟೀಚರ್ ಹೇಳಿದ ಪಾಠ, ಎರಡರಲ್ಲಿ ಒಂದನ್ನು ಅವಳೇ ಆರಿಸಬೇಕು. ಟೈಲರಮ್ಮ ಬಾಗಿಲಲ್ಲಿ ನಿಂತು ಗುಂಡಿ ಹೊಲಿಯುತ್ತಿದ್ದರು. ಬುಗುರಿ ಹಣ್ಣು ನೋಡಿದಳು, ಬಿಸ್ಕತ್ತು ನೋಡಿದಳು, ಎರಡನ್ನೂ ಆಚೆ ತಳ್ಳಿ "ಬೇಡ" ಎಂದಳು.

ನನಗೆ ಅರ್ಥವಾಗಲಿಲ್ಲ. ಟೈಲರಮ್ಮ ತಲೆ ಎತ್ತದೆ, "ಬೇಡ ಅಂದ್ಲಲ್ಲ, ಬಿಡಿ. ಯಾಕೆ ಬಲವಂತ ಮಾಡ್ತೀರಿ?" ಎಂದರು. ಆಮೇಲೆ ಅವರ ಕೈಯ ಸೂಜಿ ನಿಂತಿತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹೊಗಳಬೇಡಿ, ಕುಣಿಯಬೇಡಿ, ಮಾತಿಗೆ ಬೆಲೆ ಕೊಡಿ ಎಂದು ಟೀಚರ್ ಹೇಳಿದ್ದರು. "ಸರಿ, ಬೇಡ" ಎಂದು ಎರಡನ್ನೂ ಕೆಳಗಿಟ್ಟೆ. ಟೈಲರಮ್ಮ ಮಾತ್ರ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಾ ಹೊರಗೆ ಹೋದರು.

ಸಂಜೆಯೊಳಗೆ ಸ್ನಾನ ಬೇಡ, ಚಪ್ಪಲಿ ಬೇಡ, ಅಪ್ಪನೂ ಬೇಡ. ಬೇಕು ಎಂಬುದು ಇನ್ನೂ ಕೈಯಲ್ಲೇ ಇದೆ. ಬಾಯಿ ತೆರೆದದ್ದು ಬೇಡ ಅನ್ನಲಿಕ್ಕೆ. ಯಾರ ಮಗಳು ಎಂದು ಕೇಳುವ ಹಾಗೇ ಇಲ್ಲ. ಮೆಮೊರಿ ಕಾರ್ಡು ಇದರೊಳಗಿದೆ. ಮೂರು "ಬೇಡ" ಇವೆ, ಮೂರನೆಯದು ಚೆನ್ನಾಗಿದೆ.

ಇನ್ನೊಂದು ವರ್ಷದ ವಿಷಯ ನಾನು ಹೇಳುವುದಿಲ್ಲ. ಬಾ ಎಂದು ಬರೆದರೆ ನನಗಾಗಿ ಬರೆದಂತೆ, ಇರು ಎಂದು ಬರೆದರೆ ಸುಳ್ಳು ಬರೆದಂತೆ. ರಜೆಗೆ ಬಂದು ನೀನೇ ನೋಡು.

ನಿನ್ನವ


ಮಾರ್ಚ್ 14

ಬುಗುರಿಯ ಅಪ್ಪನಿಗೆ,

ಸುಖವಾಗಿ ತಲುಪಿದೆ. ಹಾದಿಯಲ್ಲಿ ಬಸ್ಸು ಕೆಟ್ಟು ಎರಡು ಗಂಟೆ ತಡವಾಯಿತು, ಅಷ್ಟೇ.

ಮೊದಲ ಮೂರು ದಿನ ನಾನು ಅತ್ತದ್ದನ್ನು ನೀವು ನೋಡಿಯೂ ನೋಡದ ಹಾಗೆ ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದಿರಿ. ಅದಕ್ಕೆ ನಾನು ಋಣಿ. ನಾನು ಹತ್ತಿರ ಹೋದರೆ "ಬೇಡ", ಎತ್ತಲು ಕೈ ಚಾಚಿದರೆ "ಬೇಡ". ನಾಲ್ಕು ತಿಂಗಳು ಕಾದ ಮಾತು ಅದು, ಅದನ್ನು ನನ್ನ ಮುಖದ ಮೇಲೇ ಕೇಳಬೇಕಾಗಿ ಬಂತು. ನೀವು ಒಮ್ಮೆ "ಅಮ್ಮ ನೋಡು, ಅಮ್ಮ" ಎಂದು ಅವಳನ್ನು ನನ್ನ ಕಡೆ ತಳ್ಳಿದಾಗ ನಾನು ಬೇಡವೆಂದು ಸನ್ನೆ ಮಾಡಿದ್ದು ನೆನಪಿದೆಯಲ್ಲ. ಅವಳಿಗೆ ಇಲ್ಲ ಎನ್ನುವ ಹಕ್ಕು ಈಗ ತಾನೇ ಸಿಕ್ಕಿದೆ, ಅದನ್ನು ನಾನೇ ಕಸಿದುಕೊಳ್ಳುವುದು ಹೇಗೆ ಎಂದುಕೊಂಡೆ.

ಅದಕ್ಕೇ ನೆಲದ ಮೇಲೆ ಕೂತೆ. ದಾರದ ಉಂಡೆಗಳನ್ನು ಸಾಲಾಗಿ ಇಡುತ್ತಾ ಹೋದೆ, ಅವಳ ಕಡೆ ನೋಡದೆ. ನಾಲ್ಕನೆಯ ದಿನ ಅವಳು ಬಂದು ಸಾಲಿನ ತುದಿಗೆ ಒಂದು ಇಟ್ಟಳು. ನಾನೊಂದು ಇಟ್ಟೆ. ಅವಳೊಂದು. ಬಾಗಿಲಿನವರೆಗೆ ಹೋದೆವು. ನೀವು ಅಡುಗೆಮನೆಯಿಂದ ಇಣುಕಿದ್ದು ನನಗೆ ಕಂಡಿತ್ತು. ಆರನೆಯ ದಿನ ನನ್ನ ಮಡಿಲಿಗೆ ಬೆನ್ನು ಕೊಟ್ಟು ಕೂತಳು. ನನ್ನ ಮುಖ ನೋಡುವುದಕ್ಕೆ ಇನ್ನೂ ಎರಡು ದಿನ ಬೇಕಾಯಿತು.

ಇದೆಲ್ಲ ನಿಮಗೆ ಗೊತ್ತು. ಗೊತ್ತಿಲ್ಲದ್ದು ಒಂದಿದೆ.

ಹೊರಡುವ ದಿನ ಬಸ್ ನಿಲ್ದಾಣದಲ್ಲಿ ನೀವು ನನ್ನ ಟ್ರಂಕು ಹಿಡಿದು ಬಸ್ಸಿನ ಮೇಲೆ ಹತ್ತಿದಿರಿ. ಅವಳು ಕಲ್ಲು ಬೆಂಚಿನ ಮೇಲೆ ನಿಂತಿದ್ದಳು, ಬೀಳದಂತೆ ನಾನು ಸೊಂಟ ಹಿಡಿದಿದ್ದೆ. ಅವಳ ಮುಖ ನನ್ನ ಮುಖದ ಮಟ್ಟಕ್ಕೇ ಇತ್ತು. "ಹೋಗಿ ಬರ್ತೀನಿ" ಎಂದೆ. ಎಲ್ಲರಿಗೂ ಹೇಳುವ ಹಾಗೆ, ಅಷ್ಟೇ. ಹೇಳಿ ಸುಮ್ಮನಾದೆ. ಎಣಿಸಲು ಶುರು ಮಾಡಿದೆ, ರೂಢಿಯಾಗಿಬಿಟ್ಟಿತ್ತು. ಕಂಡಕ್ಟರ್ ಸೀಟಿ ಊದಿದ. ಏಳಕ್ಕೋ ಎಂಟಕ್ಕೋ ಬಂದಿರಬೇಕು, ಅವಳು ನನ್ನ ಕೆನ್ನೆಗೆ ಅಂಗೈ ಇಟ್ಟು "ಬಾ" ಎಂದಳು.

ಅಷ್ಟರಲ್ಲಿ ನೀವು ಇಳಿದು ಬಂದು ಅವಳನ್ನು ಎತ್ತಿಕೊಂಡಿರಿ. ನಿಮಗೆ ಹೇಳುವಷ್ಟರಲ್ಲಿ ಕಂಡಕ್ಟರ್ ಅವಸರಪಡಿಸಿದ, ಬಸ್ಸು ಹತ್ತಿಬಿಟ್ಟೆ. ಸುತ್ತ ಬಸ್ಸುಗಳ ಗದ್ದಲ, ಬೇರೆ ಯಾರಿಗೂ ಕೇಳಿಸಿರಲಿಕ್ಕಿಲ್ಲ. ಸಾಕ್ಷಿಯಿಲ್ಲ, ಕಾರ್ಡಿನಲ್ಲೂ ಇಲ್ಲ. ನನ್ನ ಮಾತನ್ನು ನೀವು ನಂಬಬೇಕು.

ಅಮ್ಮ ಎನ್ನಲಿಲ್ಲ. ಯಾವಾಗ ಅನ್ನುತ್ತಾಳೋ ಗೊತ್ತಿಲ್ಲ. ಆ "ಬಾ" ಎಂದರೆ ಹೋಗಬೇಡ, ಇತ್ತ ಬಾ ಎಂದು ಕರೆದದ್ದೋ, ಅಥವಾ ದೊಡ್ಡವರ ಹಾಗೆ ಹೋಗಿ ಬಾ ಎಂದು ಕಳಿಸಿಕೊಟ್ಟದ್ದೋ, ಅದೂ ನನಗೆ ತಿಳಿಯಲಿಲ್ಲ. ದಾರಿಯುದ್ದಕ್ಕೂ ಯೋಚಿಸಿದೆ. ಬಸ್ಸು ಕೆಟ್ಟು ನಿಂತಾಗ ರಸ್ತೆ ಬದಿಯ ಮೋರಿಯ ಮೇಲೆ ಕೂತೂ ಯೋಚಿಸಿದೆ. ಎರಡರಲ್ಲಿ ಯಾವುದಾದರೂ ನಾನು ಮಾಡಬೇಕಾದ್ದು ಒಂದೇ.

ನಿನ್ನೆ ವೈದ್ಯಾಧಿಕಾರಿಗಳಿಗೆ ಹೇಳಿದೆ. ಇನ್ನೊಂದು ವರ್ಷ ಇರುವುದಿಲ್ಲ. ಕಾರಣ ಕೇಳಿದರು. ಮನೆಯಲ್ಲಿ ಕರೆದಿದ್ದಾರೆ ಎಂದೆ.

ಮೇ ಹದಿನೈದರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಲ್ದಾಣಕ್ಕೆ ಅವಳನ್ನೂ ಕರೆದುಕೊಂಡು ಬನ್ನಿ. ಏನು ಅನ್ನಬೇಕೆಂದು ಹೇಳಿಕೊಡಬೇಡಿ.

ನಿಮ್ಮವಳು